ದೊಡ್ಡ ಚಕ್ರ ಬಲಗೈಗೆ

ಮನರಂಜನಾ ಪಾರ್ಕಿನ ಗೋಡೆಗೆ ಅಂಟಿಕೊಂಡ ಬೀದಿಯ ಇಸ್ತ್ರಿಯಂಗಡಿಯವನಿಗೆ ದಾರಿ ಹೇಳುವುದೆಂದರೆ ಎಲ್ಲಿಲ್ಲದ ಹುರುಪು; ಕೇಳದವರನ್ನೂ ಕರೆದು ಹೇಳುತ್ತಾನೆ. ಅವನ ಮಟ್ಟಿಗೆ ಬೀದಿಗಳಿಗೆ ಹೆಸರಿಲ್ಲ, ನಂಬರಿಲ್ಲ. "ದೊಡ್ಡ ಚಕ್ರ ಬಲಗೈಗೆ ಬರೋ ಹಾಗೆ ನಡೀರಿ, ತೂಗುದೋಣಿಯಲ್ಲಿ ಕೂತವರ ಕಿರುಚಾಟ ಕೇಳಿಸಿದ ಕಡೆ ತಿರುಗಿ, ಅಷ್ಟೇ!" ಆದರೆ ಈ ವರ್ಷ ಪಾರ್ಕಿನವರು ಆ ಚಕ್ರವನ್ನು ಬಿಚ್ಚಿ ಒಯ್ದರು, ತೂಗುದೋಣಿಯನ್ನು ಹಿಂದಿನ ಗೇಟಿಗೆ ಸಾಗಿಸಿದರು. ಅವನ ನಾಲಿಗೆ ಮಾತ್ರ ಹಳೇ ದಾರಿ ಬಿಟ್ಟಿಲ್ಲ. ಹಲ್ಲಿನ ಡಾಕ್ಟರನ್ನು ಹುಡುಕಿ ಹೊರಟವರು ಟೈಲರ್ ಮನೆಯ ಬಾಗಿಲು ತಟ್ಟುತ್ತಾರೆ. ಬೈದುಕೊಂಡು ವಾಪಸು ಬಂದವರ ಮುಂದೆ ತಲೆ ಕೆರೆದುಕೊಂಡು, "ಇಲ್ಲೇ ಇತ್ತಲ್ಲ ಸ್ವಾಮಿ!" ಎಂದು ಖಾಲಿ ಆಕಾಶಕ್ಕೆ ಕೈ ತೋರಿಸುತ್ತಾನೆ. ಅವರು ನಗುತ್ತಾರೆ, ಅವನೂ ನಗುತ್ತಾನೆ. ಅವನ ಹೆಂಡತಿಗೆ ಎರಡು ವರ್ಷದಿಂದ ಮರೆವಿನ ಕಾಯಿಲೆ. ಏನು ಮರೆತರೂ ಚಕ್ರ ನೋಡಿಕೊಂಡು ಮನೆ ಸೇರಿಬಿಡುತ್ತಿದ್ದಳು. ಮೊನ್ನೆ ಮಧ್ಯಾಹ್ನ ತರಕಾರಿ ಚೀಲ ಹಿಡಿದು ಅವನ ಅಂಗಡಿಯ ಮುಂದೆಯೇ ನಿಂತು, ಗುರುತಿಲ್ಲದವರನ್ನು ಕೇಳುವ ಹಾಗೆ, "ಅಣ್ಣಾ, ಚಕ್ರದ ಹತ್ತಿರ ನಮ್ಮನೆ, ಹೇಗೆ ಹೋಗೋದು?" ಎಂದಳು. ಅವನು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಅವಳ ಕೈಯಿಂದ ಚೀಲ ತೆಗೆದುಕೊಂಡು, "ಬಾರಮ್ಮ, ನಾನೂ ಆ ಕಡೆಗೇ ಹೊರಟಿದ್ದೆ" ಎಂದ.