ಹೊಳೆದಂಡೆಯ ಬಂಗಲೆಯ ಅಳತೆ

ಬದುಕಿನಲ್ಲಿ ನಾನು ಅತ್ಯಂತ ಶ್ರದ್ಧೆಯಿಂದ ಮಾಡಿದ ಕೆಲಸವೇ ನನ್ನ ಕೈಯಿಂದಾದ ಅತಿ ಕೆಟ್ಟ ಕೆಲಸವೂ ಆಯಿತು. ಇಷ್ಟನ್ನು ಹೇಳಿಕೊಳ್ಳುವುದಕ್ಕೆ ನನಗೆ ಅರ್ಧ ಆಯುಷ್ಯ ಬೇಕಾಯಿತು. ಸೋಮಾರಿತನದಿಂದ ಕೆಟ್ಟವರನ್ನು ಜನ ಬೈಯುತ್ತಾರೆ. ನಾನು ಸೋಮಾರಿಯಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ದಾವಣಗೆರೆಯಲ್ಲಿ ಸರಕಾರಿ ಕಟ್ಟಡಗಳನ್ನು ನೋಡಿಕೊಳ್ಳುವ ಒಂದು ಆಫೀಸಿನಲ್ಲಿ ನಕ್ಷೆ ಬರೆಯುವವ. ಕೆ.ಬಿ. ಬಡಾವಣೆಯಲ್ಲಿ ಬಾಡಿಗೆ ಕೋಣೆ. ಬೆಳಿಗ್ಗೆ ಗಿರಣಿಯ ಕೂಗಿಗೆ ಏಳುವುದು, ದಿನವಿಡೀ ಎತ್ತರದ ಸ್ಟೂಲಿನ ಮೇಲೆ ಕೂತು ಶಾಲೆ, ದನದ ಆಸ್ಪತ್ರೆ, ಗೋದಾಮುಗಳ ನಕ್ಷೆ ಎಳೆಯುವುದು. ಎಲ್ಲವೂ ಬೆಂಕಿಪೊಟ್ಟಣದಂಥ ಕಟ್ಟಡಗಳು. ಎಳೆದು ಎಳೆದು ನನಗೆ ಬೇಸರ ಬಂದಿತ್ತು.

ಹೀಗಿರುವಾಗ ಒಂದು ದಿನ ನಮ್ಮ ಎಂಜಿನಿಯರ್ ಸಾಹೇಬರು ಕರೆದರು. ಹರಿಹರದಲ್ಲಿ ಹೊಳೆಗೆ ಮುಖ ಮಾಡಿ ಒಂದು ಹಳೇ ಬಂಗಲೆ ಇತ್ತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಯಾರೋ ಇಂಗ್ಲಿಷ್ ಎಂಜಿನಿಯರು ತನ್ನ ಸಂಸಾರಕ್ಕೆಂದು ಕಟ್ಟಿಸಿದ್ದಂತೆ. ಆಮೇಲೆ ಸರಕಾರದ ಕೈಗೆ ಬಂದು, ತಿರುಗಾಟದ ಸಾಹೇಬರು ಇಳಿಯುವ ಜಾಗವಾಗಿ, ಕೊನೆಗೆ ಅವರೂ ಇಳಿಯದ ಜಾಗವಾಗಿತ್ತು.

"ಅದನ್ನು ಕೆಡವಿ ಅಲ್ಲಿ ಹೊಸ ಕ್ವಾರ್ಟರ್ಸ್ ಕಟ್ಟಬೇಕು ಅಂತ ಮೇಲಿನೋರ ವಿಚಾರ ಐತಪ್ಪ. ಆದ್ರೆ ಅವರಾಗೇ ಯಾರೋ ಒಬ್ರು, ಹಳೇ ಕಟ್ಟಡ, ಅದರಾಗೆ ಏನಾರ ವಿಶೇಷ ಐತೇನು ನೋಡ್ರಿ ಅಂದಾರೆ. ನೀನು ಹೋಗಿ ನೋಡಿ ಒಂದು ರಿಪೋರ್ಟ್ ಮಾಡು. ವಿಶೇಷ ಐತೆ ಅಂತಾದ್ರೆ ಉಳಿಸ್ಕೋತಾರೆ" ಎಂದರು.

ಉಳಿಸಿಕೊಳ್ಳುತ್ತಾರೆ ಎಂಬ ಆ ಒಂದು ಮಾತು ನನ್ನ ತಲೆಗೆ ಏರಿತು. ಮರುದಿನವೇ ಟೇಪು, ತೂಗುಗುಂಡು, ನಕ್ಷೆಯ ಹಲಗೆ, ಬುತ್ತಿ ಎಲ್ಲ ಹೊತ್ತು ಹರಿಹರದ ರೈಲು ಹತ್ತಿದೆ.

ಬಂಗಲೆಯನ್ನು ಕಾಯುತ್ತಿದ್ದವನು ಒಬ್ಬ ಮೇಟಿ. ಅವನ ಅಪ್ಪನೂ ಅಲ್ಲಿಯೇ ಮೇಟಿಯಾಗಿದ್ದವನು. ಹಿತ್ತಲಿನ ಅಡುಗೆಮನೆಗೆ ಹೊಂದಿಕೊಂಡ ಒಂದು ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು. ಬಂಗಲೆ ಹೋದರೆ ಅವರ ಸೂರೂ ಹೋಗುತ್ತಿತ್ತು. ಇದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಟೇಪು ಬಿಚ್ಚುತ್ತಿದ್ದಂತೆ ಮೇಟಿ ಬಂದು ಅದರ ಇನ್ನೊಂದು ತುದಿ ಹಿಡಿದುಕೊಂಡು ನಿಂತ.

"ಇದು ಉಳಿಯಾಕೋ, ಕೆಡವಾಕೋ ರಾಯರ?"

"ಉಳಿಯಾಕೆ ಯಜಮಾನ್ರ. ಇದರಾಗೆ ಏನೇನು ಐತೆ ಎಲ್ಲಾ ಬರೀತೀನಿ."

"ಬರ್ದ ಮ್ಯಾಲೆ ಯಾರೂ ಮುಟ್ಟಂಗಿಲ್ಲ ಅಲ್ರೀ?"

"ಯಾರೂ ಮುಟ್ಟಂಗಿಲ್ಲ" ಎಂದೆ. ಆಗ ನನಗೆ ಇಪ್ಪತ್ತೈದೂ ತುಂಬಿರಲಿಲ್ಲ, ಮಾತು ಕೊಡುವುದು ಬಹಳ ಸುಲಭವಾಗಿತ್ತು.

ಆ ಮನೆಯನ್ನು ನಾನು ಹೇಗೆ ವರ್ಣಿಸಲಿ? ಕಡಿದಾದ ಹೆಂಚಿನ ಮಾಡು, ಮಾಡಿನ ಅಂಚಿಗೆ ಕಸೂತಿ ಹಾಕಿದ ಹಾಗೆ ಕೊರೆದ ತೇಗದ ಹಲಗೆ. ಹೊಳೆಯ ಕಡೆಗೆ ಗೋಡೆಯಿಂದ ಮುಂದಕ್ಕೆ ಬಂದ ಒಂದು ದೊಡ್ಡ ಕಿಟಕಿ, ಅದರ ಒಳಗೆ ಮೂವರು ಕೂರುವಷ್ಟು ಜಗುಲಿ. ಬಾಗಿಲುಗಳ ಮೇಲೆ ಅರ್ಧಚಂದ್ರದ ಬಣ್ಣದ ಗಾಜು; ಬೆಳಗಿನ ಹೊತ್ತು ನಡುಮನೆಯ ನೆಲದ ಮೇಲೆ ಕೆಂಪು ಹಸಿರು ಬೆಳಕು ಬೀಳುತ್ತಿತ್ತು. ಎಲ್ಲಕ್ಕಿಂತ ತಮಾಷೆಯೆಂದರೆ ನಡುಮನೆಯಲ್ಲಿ ಒಂದು ಅಗ್ಗಿಷ್ಟಿಕೆ, ಅದಕ್ಕೊಂದು ಹೊಗೆಗೂಡು. ಹರಿಹರದ ಬಿಸಿಲಿಗೆ ಅಗ್ಗಿಷ್ಟಿಕೆ! ತನ್ನ ಊರಿನ ಚಳಿಯನ್ನೂ ಗಂಟು ಕಟ್ಟಿಕೊಂಡು ಬಂದಿದ್ದನೇನೋ ಆ ಪುಣ್ಯಾತ್ಮ. ನಾನು ಬಗ್ಗಿ ನೋಡಿದಾಗ ಅದರೊಳಗೆ ಮೇಟಿಯ ಕೋಳಿ ಕಾವಿಗೆ ಕೂತಿತ್ತು.

ಆದರೆ ನನ್ನ ಎದೆ ಹೊಡೆದುಕೊಂಡದ್ದು ಮುಂದಿನ ವರಾಂಡದ ಕಲ್ಲಿನ ಕಂಬಗಳನ್ನು ನೋಡಿದಾಗ. ಮೇಲೆ ಇಂಗ್ಲಿಷ್ ಮಾಡು, ಕೆಳಗೆ ಬಳೆಬಳೆಯಾಗಿ ತಿರುವಿದ ಕಂಬ. ಎಲ್ಲೋ ನೋಡಿದ್ದೇನೆ ಅನ್ನಿಸಿತು. ಆಮೇಲೆ ಹೊಳೆಯಿತು. ಬುತ್ತಿ ಬಿಚ್ಚದೆ ಟೇಪು ಹಿಡಿದು ನೇರವಾಗಿ ಹರಿಹರೇಶ್ವರನ ಗುಡಿಗೆ ನಡೆದೆ. ಅಲ್ಲಿನ ಮಂಟಪದ ಕಂಬದಲ್ಲೂ ಅದೇ ಬಳೆ, ಅದರ ಕೆಳಗೆ ಅದೇ ಗಂಟೆಯ ಆಕಾರ, ಮತ್ತೆ ಬಳೆ. ಬಂಗಲೆಯ ಕಂಬ ಸಣ್ಣದು, ಕೆಲಸ ಒರಟು, ಆದರೆ ಕ್ರಮ ಅದೇ. ಸಾಹೇಬ ತನ್ನ ದೇಶದ ಮನೆಯ ನಕ್ಷೆ ಕೊಟ್ಟಿದ್ದಾನೆ. ಕಂಬ ಕಡಿಯುವ ಹೊತ್ತಿಗೆ ಊರಿನ ಕಲ್ಲುಕುಟಿಗ ಆ ನಕ್ಷೆಯನ್ನು ಮಡಚಿಟ್ಟು ಗುಡಿಗೆ ಹೋಗಿ ನೋಡಿ ಬಂದಿದ್ದಾನೆ. ಅಂಥ ಮನೆ ಲಂಡನ್ನಿನಲ್ಲೂ ಇರಲಿಕ್ಕಿಲ್ಲ, ಬೆಂಗಳೂರಿನಲ್ಲೂ ಇರಲಿಕ್ಕಿಲ್ಲ. ನಮ್ಮ ಹೊಳೆಯ ದಂಡೆಯಲ್ಲಿ ಮಾತ್ರ ಇತ್ತು. ಗುಡಿಯ ಕಟ್ಟೆಯ ಮೇಲೆ ಒಬ್ಬನೇ ಕೂತು ನಾನು ಖುಷಿಯಿಂದ ನಕ್ಕಿದ್ದೆ.

ಆ ಖುಷಿಯಲ್ಲೇ ಹನ್ನೆರಡು ಪುಟದ ರಿಪೋರ್ಟ್ ಬರೆದೆ. ಸಾಹೇಬರು ಎರಡು ಪುಟ ಓದಿ ಕನ್ನಡಕ ತೆಗೆದರು.

"ಏನಪ್ಪ ಇದು, ಚಂದ ಐತೆ, ಅಪರೂಪ ಐತೆ ಅಂತ ಬರ್ದೀಯಲ್ಲ. ಚಂದ ಅಂದ್ರೆ ಎಷ್ಟು ಅಡಿ ಚಂದ? ಮೇಲಿನೋರಿಗೆ ಇದೆಲ್ಲ ನಡ್ಯಂಗಿಲ್ಲ. ಎಂ.ಬಿ.ನಾಗೆ ಬರಿ."

ಎಂ.ಬಿ. ಎಂದರೆ ಅಳತೆ ಪುಸ್ತಕ. ಪುಟಪುಟಕ್ಕೂ ನಂಬರು ಅಚ್ಚಾಗಿರುತ್ತದೆ. ಅದರಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ, ಹಾಳೆ ಹರಿಯುವಂತಿಲ್ಲ. ನಮ್ಮ ಆಫೀಸಿನ ಲೋಕದಲ್ಲಿ ಎಂ.ಬಿ.ಯಲ್ಲಿ ಇದ್ದದ್ದು ಮಾತ್ರ ಇದೆ. ಇಲ್ಲದ್ದು ಕಣ್ಣೆದುರು ನಿಂತಿದ್ದರೂ ಇಲ್ಲ. ಸಾಹೇಬರು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಆ ಮನೆಯನ್ನು ಪೂರ್ತಿ ಎಂ.ಬಿ.ಯೊಳಗೆ ತಂದುಬಿಟ್ಟರೆ ಯಾರು ಇಲ್ಲವೆನ್ನಬೇಕು ಎಂದುಕೊಂಡೆ.

ಮೂರು ವಾರ ಅಳೆದೆ. ಮಾಡಿನ ಮೇಲೆ ಹತ್ತಿದೆ, ನೆಲದ ಮೇಲೆ ಮಲಗಿದೆ. ಒಂದೊಂದು ತೊಲೆಯ ಉದ್ದ, ಅಗಲ, ದಪ್ಪ. ಒಂದೊಂದು ಗಾಜಿನ ಬಣ್ಣ, ಒಂದೊಂದು ಕೀಲು, ಚಿಲಕ, ಹಿತ್ತಾಳೆಯ ಹಿಡಿ. ಕಟ್ಟಡ ಹಳತಾಗಿ ಕುಸಿಯುವಂತಿದೆ ಎಂದು ಯಾರೂ ಕೊಂಕು ತೆಗೆಯಬಾರದಲ್ಲ, ಅದಕ್ಕೆ ತೊಲೆತೊಲೆಗೂ ಸಣ್ಣ ಉಳಿ ಚುಚ್ಚಿ ನೋಡಿ ಪಕ್ಕದಲ್ಲಿ ಬರೆದೆ: ಅಸಲು ತೇಗ, ಹುಳು ಬಿದ್ದಿಲ್ಲ, ಗಂಟಿಲ್ಲ, ಬಿರುಕಿಲ್ಲ. ಮೇಟಿ ಟೇಪಿನ ತುದಿ ಹಿಡಿದು ಪ್ರತಿ ಸಲವೂ "ಹಿಡಿದೆ ರೀ" ಎಂದು ಕೂಗುತ್ತಿದ್ದ. ಆ ಕೂಗಿನಲ್ಲಿ ಒಂದು ಜಂಬ ಬಂದಿತ್ತು. ದಾರಿಹೋಕರು ನಿಂತು ಕೇಳಿದರೆ, "ನಮ್ಮ ಬಂಗ್ಲೆ ಸರಕಾರದ ಪುಸ್ತಕ ಸೇರಾಕತ್ತೈತೆ" ಎನ್ನುತ್ತಿದ್ದ.

ಅವನ ಹೆಂಡತಿ ಅಷ್ಟಾಗಿ ಮಾತನಾಡುವವಳಲ್ಲ. ಮಧ್ಯಾಹ್ನ ನನ್ನ ಬುತ್ತಿಗೆ ಒಂದಿಷ್ಟು ಚಟ್ನಿ ಹಾಕುವಳು, ಒಳಗೆ ಹೋಗುವಳು. ಕೊನೆಯ ದಿನ ನಾನು ಹಿತ್ತಲಿನ ಅಡುಗೆಮನೆ ಅಳೆದು ಪುಸ್ತಕ ಮುಚ್ಚುವಾಗ ಸೆರಗು ಹಿಡಿದುಕೊಂಡು ಬಂದು ನಿಂತಳು.

"ಎಲ್ಲಾ ಬರ್ಕೊಂಡ್ರಿ. ನನ್ನ ಒರಳು ಬರ್ಕೊಳ್ಳಲಿಲ್ಲ."

ಅಡುಗೆಮನೆಯ ಮೂಲೆಯಲ್ಲಿ ನೆಲಕ್ಕೆ ಹೂತ ಒಂದು ಕಲ್ಲಿನ ಒರಳಿತ್ತು. ಅತ್ತೆಯ ಕಾಲದ್ದಂತೆ. ರುಬ್ಬಿ ರುಬ್ಬಿ ಅದರ ಬಾಯಿ ಕನ್ನಡಿಯ ಹಾಗೆ ನುಣುಪಾಗಿತ್ತು.

"ಅವ್ವಾರ, ಅದು ಕಟ್ಟಡಕ್ಕೆ ಸೇರಿದ್ದಲ್ಲ" ಎಂದೆ.

"ನೆಲದಾಗೆ ಹೂತೈತಲ್ರೀ. ಸೇರಿದ್ದಲ್ಲದೆ ಮತ್ತೇನು?"

ನನಗೆ ನಗು ಬಂತು. ವಿಕ್ಟೋರಿಯಾ ಕಾಲದ ಬಂಗಲೆಯ ವೈಶಿಷ್ಟ್ಯದ ದಾಖಲೆಯಲ್ಲಿ ಚಟ್ನಿ ರುಬ್ಬುವ ಒರಳು! ಮೇಲಿನವರು ಓದಿ ನಕ್ಕಾರು ಎಂದುಕೊಂಡು, "ಬ್ಯಾಡ ಬಿಡ್ರಿ" ಎಂದು ಪುಸ್ತಕ ಚೀಲಕ್ಕೆ ಹಾಕಿದೆ. ಅವಳ ಮುಖ ಸಣ್ಣದಾಯಿತು. ನಾನು ರೈಲಿನ ಹೊತ್ತಾಯಿತೆಂದು ಹೊರಟೆ.

ಎರಡು ಎಂ.ಬಿ. ತುಂಬಿದ್ದವು. ಜೊತೆಗೆ ಹದಿನಾಲ್ಕು ಹಾಳೆ ನಕ್ಷೆ. ಸಾಹೇಬರು ಎದ್ದು ನಿಂತು ನನ್ನ ಬೆನ್ನು ತಟ್ಟಿದರು. ಇಡೀ ಆಫೀಸು ಬಂದು ನೋಡಿತು. ಆ ಸಂಜೆ ಗೆಳೆಯರಿಗೆ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದೆ. ಬಂಗಲೆ ಉಳಿದೇ ಬಿಟ್ಟಿತು ಎಂಬ ಹಾಗೆ ನಡೆದುಕೊಂಡೆ.

ನಾಲ್ಕು ತಿಂಗಳಿಗೆ ಆದೇಶ ಬಂತು. ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಹೇಳುವುದಾದರೆ ಇಷ್ಟು: ಸದರಿ ಕಟ್ಟಡದ ವೈಶಿಷ್ಟ್ಯಗಳು ಪೂರ್ಣವಾಗಿ ಮತ್ತು ತೃಪ್ತಿಕರವಾಗಿ ದಾಖಲಾಗಿರುವುದರಿಂದ, ಕಟ್ಟಡವನ್ನು ಉಳಿಸಿಕೊಳ್ಳುವ ಅಗತ್ಯ ಕಂಡುಬರುವುದಿಲ್ಲ. ಅಳತೆ ಪುಸ್ತಕದಲ್ಲಿರುವ ಪಟ್ಟಿಯಂತೆ ಸಾಮಾನುಗಳನ್ನು ಹರಾಜು ಮಾಡಿ ನಿವೇಶನವನ್ನು ತೆರವು ಮಾಡತಕ್ಕದ್ದು.

ಮೂರು ಸಲ ಓದಿದೆ. ಬರೆದಿಟ್ಟದ್ದಾಯಿತಲ್ಲ, ಇನ್ನು ಮನೆ ಯಾಕೆ ಎಂಬುದು ಅದರ ಅರ್ಥ. ನಾನು ಬರೆಯದಿದ್ದರೆ ಯಾರಾದರೂ ಬರೆಯುವವರೆಗಾದರೂ ಅದು ನಿಂತಿರುತ್ತಿತ್ತು.

ಸಾಹೇಬರ ಕೋಣೆಗೆ ಹೋದೆ. "ನಾನು ಬರ್ದದ್ದು ಉಳಿಸಾಕೆ ಸರ್" ಎಂದೆ.

"ನಂಗೊತ್ತಪ್ಪ. ಉಳೀಲಿ ಅಂತಾನೇ ನಾನೂ ಕಳಿಸಿದೆ. ಈಗ ನನ್ನ ಕೈಯಾಗೆ ಏನೈತಿ ಹೇಳು."

"ಆ ಪಟ್ಟಿ ವಾಪಸ್ ತಗೊಳ್ಳಾಕೆ ಬರಲ್ವಾ ಸರ್?"

ಅವರು ನನ್ನನ್ನೇ ನೋಡಿದರು. ಎಂ.ಬಿ.ಯನ್ನು ವಾಪಸು ಪಡೆದ ಸಂಗತಿ ನಮ್ಮ ಆಫೀಸಿನಲ್ಲಿ ಎಂದೂ ನಡೆದಿರಲಿಲ್ಲ. ಆದೇಶವನ್ನು ಮತ್ತೊಮ್ಮೆ ಪರಿಶೀಲಿಸಬೇಕೆಂದು ನಾನೇ ಮೇಲಕ್ಕೆ ಒಂದು ಕಾಗದ ಬರೆದೆ, ಅದಕ್ಕೆ ಉತ್ತರ ಬರಲಿಲ್ಲ. ಇನ್ನೊಂದು ಬರೆದೆ. ಆಮೇಲೆ ಹೆಡ್ ಕ್ಲರ್ಕು, "ಹೆಚ್ಚಿಗೆ ಬರೀಬ್ಯಾಡ, ಕೆಲಸಕ್ಕೆ ಹೊಸಬ ನೀನು" ಎಂದು ಮೆಲ್ಲಗೆ ಹೇಳಿದರು. ನಾನು ಸುಮ್ಮನಾದೆ. ಸುಮ್ಮನಾದದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ. ಸುಮ್ಮನಾಗದಿದ್ದರೂ ಏನೂ ಆಗುತ್ತಿರಲಿಲ್ಲ ಎಂಬುದೂ ಗೊತ್ತಿದೆ.

ಕೆಡವುವ ದಿನ ರಜೆ ಹಾಕಿ ಹೋದೆ. ಹೋಗದೆ ಇರಲಾಗಲಿಲ್ಲ. ಬಂಗಲೆಯನ್ನು ಹರಾಜಿನಲ್ಲಿ ಹಿಡಿದವನು ದಾವಣಗೆರೆಯ ಒಬ್ಬ ಹಳೇ ಮರದ ವ್ಯಾಪಾರಿ. ಮಾಡಿನ ಹೆಂಚು ಆಗಲೇ ಇಳಿದಿತ್ತು. ತೊಲೆಗಳು ಅಂಗಳದಲ್ಲಿ ಸಾಲಾಗಿ ಮಲಗಿದ್ದವು, ಒಂದೊಂದರ ಮೇಲೂ ಸುಣ್ಣದಲ್ಲಿ ನಂಬರು. ನನ್ನ ಪಟ್ಟಿಯ ನಂಬರು. ನನ್ನ ನಕ್ಷೆಯ ಒಂದು ಪ್ರತಿಯನ್ನು ಹಾರದಂತೆ ಕಲ್ಲಿನ ಕೆಳಗೆ ಇಟ್ಟಿದ್ದರು.

"ಬರ್ರಿ ಬರ್ರಿ, ಪಟ್ಟಿ ಬರ್ದೋರು ನೀವೇ ಅಂತೆ!" ಎಂದು ವ್ಯಾಪಾರಿ ಎದ್ದು ಬಂದ. "ಏನು ಬರ್ದೀರಿ ಸಾಹೇಬ್ರ! ಒಂದು ಮೊಳೆ ಬಿಟ್ಟಿಲ್ಲ. ಹುಳ ಬಿದ್ದಿಲ್ಲ, ಗಂಟಿಲ್ಲ ಅಂತ ಬರ್ದಿದ್ರಲ್ಲ, ಅದನ್ನು ನೋಡೇ ನಾನು ಧೈರ್ಯದಿಂದ ಕೂಗಿದೆ. ಸರಕಾರದ ಮಾಲನ್ನು ಇಷ್ಟು ನಂಬಿಕೆಯಿಂದ ನಾನು ಎಂದೂ ತಗೊಂಡಿಲ್ಲ. ಎಲೆ ಅಡಿಕೆ ಹಾಕ್ಕೊಳ್ರಿ."

ಎಲೆಯನ್ನು ಕೈಯಲ್ಲೇ ಹಿಡಿದು ನಿಂತೆ. ಬಣ್ಣದ ಗಾಜುಗಳನ್ನು ಹುಲ್ಲಿನಲ್ಲಿ ಸುತ್ತಿ ಗಾಡಿಗೆ ಏರಿಸುತ್ತಿದ್ದರು. ಅಗ್ಗಿಷ್ಟಿಕೆ ಇಟ್ಟಿಗೆಯ ರಾಶಿಯಾಗಿತ್ತು. ವರಾಂಡದ ಕಂಬಗಳನ್ನು ಹೊಸ ಕ್ವಾರ್ಟರ್ಸಿನ ಬುನಾದಿಗೆಂದು ಒಡೆಯುತ್ತಿದ್ದರು. ಕಲ್ಲುಕುಟಿಗ ಗುಡಿಗೆ ಹೋಗಿ ನೋಡಿ ಬಂದು ತಿರುವಿದ ಬಳೆಗಳು ಎರಡೇ ಪೆಟ್ಟಿಗೆ ಸಿಡಿದವು. ನಿಲ್ಲಿಸಿ ಎನ್ನಲು ಬಾಯಿ ತೆರೆದೆ. ಯಾವ ಅಧಿಕಾರದಿಂದ ಎಂದು ಕೇಳಿದರೆ ತೋರಿಸಲು ನನ್ನ ಹತ್ತಿರ ಏನಿತ್ತು?

ಆಗ ಆ ಕೂಗು ಕೇಳಿತು. "ಹಿಡಿದೆ ರೀ!"

ವ್ಯಾಪಾರಿಯ ಗುಮಾಸ್ತ ತೊಲೆಗಳ ಉದ್ದವನ್ನು ಪಟ್ಟಿಯ ಜೊತೆ ತಾಳೆ ನೋಡುತ್ತಿದ್ದ. ಟೇಪಿನ ಇನ್ನೊಂದು ತುದಿಯಲ್ಲಿ ಮೇಟಿ ಬಗ್ಗಿ ನಿಂತಿದ್ದ. ಯಾರೋ ಹಿಡಿಯೆಂದಿದ್ದಾರೆ, ಹಿಡಿದಿದ್ದಾನೆ. ಮೂರು ವಾರದ ರೂಢಿಗೆ ಬಾಯಿಯಿಂದ ಕೂಗು ತಾನಾಗಿ ಬಂದಿದೆ. ನನ್ನನ್ನು ಕಂಡು ಟೇಪು ಬಿಡಲೂ ಆಗದೆ, ನಮಸ್ಕರಿಸಲೂ ಆಗದೆ ಒದ್ದಾಡಿದ.

"ಎಲ್ಲಾ ಸರಿ ಐತಂತೆ ರಾಯರ. ಒಂದು ಅಂಗುಲ ಹೆಚ್ಚುಕಮ್ಮಿ ಇಲ್ಲಂತೆ" ಎಂದ.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹಿತ್ತಲಿಗೆ ಹೋದೆ. ಅಡುಗೆಮನೆಯ ಗೋಡೆಯಿರಲಿಲ್ಲ, ಸೂರಿರಲಿಲ್ಲ, ಬಾಗಿಲಿರಲಿಲ್ಲ. ಅವರ ಕೋಣೆಯೂ ನೆಲಸಮವಾಗಿತ್ತು. ಎರಡು ಟ್ರಂಕು, ಒಂದು ಹಾಸಿಗೆಯ ಸುರುಳಿ ಬಯಲಲ್ಲಿ ಇದ್ದವು. ಮೇಟಿಗೆ ದಾವಣಗೆರೆಯ ಒಂದು ಗೋದಾಮು ಕಾಯುವ ಕೆಲಸ ಹಾಕಿದ್ದರು, ಇರಲು ಜಾಗ ಹಾಕಿರಲಿಲ್ಲ. ಆ ಬಯಲಿನ ನಡುವೆ, ಬಿಸಿಲಿನಲ್ಲಿ, ಅವನ ಹೆಂಡತಿ ಒರಳಿನ ಮುಂದೆ ಕೂತು ರುಬ್ಬುತ್ತಿದ್ದಳು.

ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು. ಅವಳೇ ಮೊದಲು ಮಾತಾಡಿದಳು.

"ಇದನ್ನೂ ಕೀಳಾಕೆ ಬಂದಿದ್ರು ರಾಯರ. ಆ ಗುಮಾಸ್ತರು ಪುಸ್ತಕ ನೋಡಿ, ಪಟ್ಟಿಯಾಗೆ ಒರಳು ಇಲ್ಲ, ಬಿಡ್ರಿ ಅಂದ್ರು. ನೀವು ಅವತ್ತು ಬರ್ಕೊಳ್ಳಲಿಲ್ಲ ನೋಡ್ರಿ, ಅದಕ್ಕೇ ಉಳೀತು. ನಿಮ್ಮ ಹೊಟ್ಟೆ ತಣ್ಣಗಿರಲಿ."

ಚುಚ್ಚಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಮನಸಾರೆ ಹೇಳಿದಳು. ಆಮೇಲೆ ಟ್ರಂಕಿನ ಮೇಲಿದ್ದ ಗಂಟು ಬಿಚ್ಚಿ ಒಂದು ರೊಟ್ಟಿ ತೆಗೆದು, ಅದರ ಮೇಲೆ ಆಗಷ್ಟೇ ರುಬ್ಬಿದ ಚಟ್ನಿ ಹಾಕಿ ನನ್ನ ಕೈಗಿಟ್ಟಳು. ಅಲ್ಲೇ ನಿಂತು ತಿಂದೆ. ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ, ಖಾರ ಹೆಚ್ಚಾಯಿತೇನೋ ಎಂದು ಅವಳು ನೀರು ತರಲು ಎದ್ದಳು.