ಕೆಂಪು ಬಂದ ಕ್ಯಾಂಟೀನು

ಆ ಯಂತ್ರ ಅಂಗೈಯಷ್ಟೇ ಇತ್ತು, ಗತ್ತು ಮಾತ್ರ ತಹಶೀಲ್ದಾರರದ್ದು. ಪ್ಲಾಸ್ಟಿಕ್ ಕಡ್ಡಿಯಿಂದ ಪರದೆ ಚುಚ್ಚುತ್ತ ಹೋಗಬೇಕು, ಅದು ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತದೆ, ಒಂದಕ್ಕೆ ಉತ್ತರ ಕೊಡದಿದ್ದರೂ ಮುಂದಕ್ಕೆ ಬಿಡುವುದಿಲ್ಲ. ಮೊಬೈಲು ಆಗಷ್ಟೇ ಎಲ್ಲರ ಜೇಬು ಸೇರುತ್ತಿದ್ದ ವರ್ಷಗಳವು. ಕಡ್ಡಿ ಹಿಡಿದು ಯಂತ್ರ ಚುಚ್ಚುವ ಹುಡುಗಿಯನ್ನು ಕಂಡರೆ ಜನ ಸರಿದು ದಾರಿ ಬಿಡುತ್ತಿದ್ದರು. ನನಗೂ ಅದು ಹಿತವಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ.

ನಾನಾಗ ಸಿವಿಲ್ ಡಿಪ್ಲೊಮಾ ಮುಗಿಸಿ ಕಾರವಾರದ ಪಕ್ಕದ ಶಿರವಾಡದಲ್ಲಿ ಒಂದು ಸಣ್ಣ ಸರ್ವೆ ಕಚೇರಿಗೆ ಸೇರಿದ್ದೆ. ಹಬ್ಬುವಾಡದ ಮನೆಯಿಂದ ಸ್ಕೂಟಿಯಲ್ಲಿ ಹೊರಟು ಬೇರೆಯವರ ಬೇಲಿ ಅಳೆದು ಬರುವುದೇ ನನ್ನ ಉದ್ಯೋಗ. ಅಷ್ಟರಲ್ಲಿ ಅಂಕೋಲೆಯ ದಾರಿಯಲ್ಲಿದ್ದ ಒಂದು ಮೀನಿನ ಕಾರ್ಖಾನೆಯಿಂದ ಕೆಲಸ ಬಂತು. ಬೈತಖೋಲ ಬಂದರಿನಲ್ಲಿ ಇಳಿದ ಶೆಟ್ಲಿ, ಎಂದರೆ ಸಿಗಡಿ, ಅಲ್ಲಿ ಸಿಪ್ಪೆ ಸುಲಿಸಿಕೊಂಡು, ಮಂಜಿನಲ್ಲಿ ಗಟ್ಟಿಯಾಗಿ, ಪೆಟ್ಟಿಗೆ ಸೇರಿ ಪರದೇಶಕ್ಕೆ ಹೊರಡುತ್ತಿತ್ತು. ಅದನ್ನು ಕೊಳ್ಳುವ ಕಂಪನಿಯವರು ಒಂದು ಷರತ್ತು ಹಾಕಿದ್ದರು. ಕಾರ್ಖಾನೆಯ ಕಟ್ಟಡಗಳಲ್ಲಿ ಆಸ್ಬೆಸ್ಟಾಸ್ ಎಲ್ಲೆಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂಬುದನ್ನು ತಾವೇ ಕೊಟ್ಟ ಆ ಯಂತ್ರದ ಸಾಫ್ಟ್‌ವೇರಿನಲ್ಲೇ ದಾಖಲಿಸಿ ಕಳಿಸಬೇಕು, ಆಮೇಲೆ ವ್ಯಾಪಾರದ ಮಾತು.

ಆಸ್ಬೆಸ್ಟಾಸ್ ಎಂದರೆ ನಮ್ಮ ಕಡೆ ಯಾರಿಗೂ ತಿಳಿಯುವುದಿಲ್ಲ, ಸಿಮೆಂಟ್ ಶೀಟು ಎನ್ನಬೇಕು. ಆ ಬೂದು ಶೀಟಿನೊಳಗೆ ಕಣ್ಣಿಗೆ ಕಾಣದಷ್ಟು ಸಪೂರ ಎಳೆಗಳಿರುತ್ತವೆ. ಶೀಟು ಗಟ್ಟಿಯಾಗಿದ್ದು, ಅದರ ತಂಟೆಗೆ ಯಾರೂ ಹೋಗದಿದ್ದರೆ ಎಳೆಗಳೂ ಸುಮ್ಮನಿರುತ್ತವೆ. ಕೊಯ್ದರೆ, ಒಡೆದರೆ, ತಿಕ್ಕಿದರೆ ಗಾಳಿಗೆ ಹಾರಿ ಎದೆಗೂಡು ಸೇರುತ್ತವೆ, ಎಷ್ಟೋ ವರ್ಷಗಳ ನಂತರ ಕಾಯಿಲೆಯಾಗಿ ಏಳುತ್ತವೆ. ಅದಕ್ಕೇ ಸಾಫ್ಟ್‌ವೇರು ಎರಡು ವಿಷಯಕ್ಕೆ ಅಂಕ ಹಾಕುತ್ತಿತ್ತು: ಶೀಟಿನ ಸ್ಥಿತಿ ಹೇಗಿದೆ, ಅದರ ಕೆಳಗೆ ಎಷ್ಟು ಜನ ಎಷ್ಟು ಹೊತ್ತು ಇರುತ್ತಾರೆ. ಎರಡನ್ನೂ ಕೂಡಿಸಿ ಕೋಣೆಗೊಂದು ಬಣ್ಣ ಕೊಡುತ್ತಿತ್ತು. ಹಸಿರಾದರೆ ಚಿಂತೆಯಿಲ್ಲ, ಹಳದಿಯಾದರೆ ಒಂದು ಕಣ್ಣಿಟ್ಟಿರಬೇಕು, ಕೆಂಪಾದರೆ ಬೀಗ.

ಯಾವುದೋ ಚಳಿ ದೇಶದವರು ಮಾಡಿದ ಸಾಫ್ಟ್‌ವೇರು. ಮಾಡಿನ ಮೇಲೆ ಹಿಮ ಎಷ್ಟು ಬೀಳುತ್ತದೆ ಎಂದು ಪ್ರತಿ ಕೋಣೆಗೂ ಕೇಳುತ್ತಿತ್ತು. ನಾನು ಏಪ್ರಿಲ್ ತಿಂಗಳ ಬೆವರು ಒರೆಸಿಕೊಳ್ಳುತ್ತ ಪ್ರತಿ ಸಲವೂ ಇಲ್ಲ ಎಂದು ಚುಚ್ಚುತ್ತಿದ್ದೆ. ಮಂಗ ಹಾರುತ್ತದೆಯೇ, ತೆಂಗಿನಕಾಯಿ ಬೀಳುತ್ತದೆಯೇ ಎಂದು ಅಪ್ಪಿತಪ್ಪಿಯೂ ಕೇಳಲಿಲ್ಲ.

ಗೋದಾಮು, ಪಂಪ್‌ಹೌಸು, ಸೈಕಲ್ ನಿಲ್ಲಿಸುವ ಶೆಡ್ಡು ಎಲ್ಲವೂ ಹಸಿರು ಹಳದಿಯಲ್ಲಿ ಮುಗಿದವು. ಕೊನೆಗೆ ಉಳಿದದ್ದು ಕ್ಯಾಂಟೀನು. ಅದನ್ನು ನಡೆಸುತ್ತಿದ್ದವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತೇನೆ. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಕಡಲ ದಡದಲ್ಲಿದ್ದ ಅವಳ ಊರು ಸರಕಾರದ ಯೋಜನೆಯೊಂದಕ್ಕೆ ಹೋಗಿ, ಪುನರ್ವಸತಿ ಕಾಲನಿಗೆ ಬಂದು, ಗಂಡನನ್ನೂ ಕಳೆದುಕೊಂಡ ಮೇಲೆ ಈ ಕ್ಯಾಂಟೀನೇ ಅವಳ ಮನೆ. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಸೌದೆ ಒಲೆ ಉರಿಯುತ್ತಿತ್ತು, ಆದರೆ ಮಾಡಿನ ಶೀಟಿನಲ್ಲಿ ಒಂದು ಚೂರು ಮಸಿಯಿರಲಿಲ್ಲ. ತೊಳೆದಿಟ್ಟ ತಟ್ಟೆಯ ಹಾಗಿತ್ತು. ನಾನು ಮೆಚ್ಚಿ ತಲೆದೂಗಿದೆ.

"ವಾರಕ್ಕೊಂದ್ಸಲ ಬಿದಿರಿಗೆ ತೆಂಗಿನ ನಾರು ಕಟ್ಕಂಡು ನಾನೇ ತಿಕ್ಕೂದು ತಂಗೀ," ಎಂದಳು ಅಕ್ಕ. ಅವಳ ಮುಖದಲ್ಲಿ ಹೆಮ್ಮೆ ತುಳುಕುತ್ತಿತ್ತು.

ತೂಗುತ್ತಿದ್ದ ನನ್ನ ತಲೆ ಅರ್ಧದಲ್ಲೇ ನಿಂತಿತು. ಶೀಟನ್ನು ತಿಕ್ಕುತ್ತಾರೆಯೇ ಎಂಬ ಪ್ರಶ್ನೆಗೆ ಹೌದು ಎಂದು ಚುಚ್ಚಲೇಬೇಕಾಯಿತು. ಮುಂದಿನ ಪ್ರಶ್ನೆ, ಇಲ್ಲಿ ಎಷ್ಟು ಜನ, ಎಷ್ಟು ಹೊತ್ತು ಇರುತ್ತಾರೆ ಎಂದು. ಅದನ್ನು ಕೇಳಿದ್ದೇ ತಡ, ಕೆಲಸಗಾರರೆಲ್ಲ ಸುತ್ತ ನೆರೆದರು.

"ಇಡೀ ಕಾರ್ಖಾನೆ ಇಲ್ಲೇ ಇರೂದು ಬಾಯಿ," ಎಂದ ಐಸು ಒಡೆಯುವವ, ಅಮ್ಮ ಎನ್ನುವ ಹಾಗೆ ನನ್ನನ್ನು ಬಾಯಿ ಎಂದು ಕರೆದು.

"ಬೆಳಿಗ್ಗೆಯಿಂದ ಸಂಜೆ ತನಕ," ಎಂದಳು ಶೆಟ್ಲಿ ಸುಲಿಯುವವಳೊಬ್ಬಳು.

"ಮಕ್ಕಳೂ ಇಲ್ಲೇ ಮಲಗ್ತವೆ. ಬಾಳಂತಿಯರೂ ಬತ್ರು. ಬರ್ಕಾ," ಎಂದಳು ಅಕ್ಕ.

ಎಲ್ಲರೂ ಇಲ್ಲೇ ಇದ್ದರೆ ಶೆಟ್ಲಿ ಸುಲಿಯುವವರು ಯಾರು ಎಂದು ಕೇಳುವಷ್ಟು ಬುದ್ಧಿ ನನಗೆ ಹೊಳೆಯಲಿಲ್ಲ. ಹೇಳಿದ್ದನ್ನೆಲ್ಲ ಚುಚ್ಚಿದೆ. ಪರದೆ ಕೆಂಪಾಯಿತು. ಏನೋ ಮಂಜೂರಾದ ಹಾಗೆ ಅವರೆಲ್ಲ ಮುಖ ಅರಳಿಸಿಕೊಂಡು ಕೆಲಸಕ್ಕೆ ಹೋದರು.

ಮ್ಯಾನೇಜರರು ಬಯಲುಸೀಮೆಯ ಕಡೆಯವರು, ಕೆಟ್ಟವರಲ್ಲ, ಆದರೆ ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಮಾಡುವವರು. ಕೆಂಪು ಬಂದ ಕೋಣೆಗೆ ತಿಂಗಳೊಳಗೆ ಬೀಗ ಹಾಕಬೇಕು, ಊಟವನ್ನು ಕಾರವಾರದ ಗುತ್ತಿಗೆದಾರರಿಂದ ಡಬ್ಬಿಯಲ್ಲಿ ತರಿಸಬೇಕು ಎಂದು ಅಂದೇ ತೀರ್ಮಾನಿಸಿಬಿಟ್ಟರು. ಮರುದಿನ ಬಿಟ್ಟುಹೋದ ಫೋಟೋ ತೆಗೆಯಲು ನಾನು ಹೋದಾಗ ಅಕ್ಕ ಗೇಟಿನಲ್ಲೇ ಕಾದಿದ್ದಳು.

"ನನ್ನ ಅನ್ನ ತೆಗ್ದ್ಯಲ್ಲೆ ತಂಗೀ," ಎಂದಳು.

"ನೀವೇ ಅಲ್ಲವಾ ಅಕ್ಕ, ಇಡೀ ಊರೇ ಇಲ್ಲಿ ಮಲಗುತ್ತದೆ ಎಂದವರು? ಯಾಕೆ ಹಾಗೆ ಹೇಳಿದಿರಿ?"

"ನಮ್ಮೂರು ಹೋಗೂ ಹೊತ್ತಿಗೆ ಸರ್ವೆಯವ್ರು ಬಂದಿದ್ರು. ಮನೇಲಿ ಎಷ್ಟು ಜನ ಕೇಳ್ದ್ರು. ನಾನು, ಗಂಡ, ಅತ್ತೆ. ಮೂರು ಅಂದೆ. ಬದಿಮನೆಯವ್ರು ಮುಂಬೈಗೆ ಹೋದವ್ರನ್ನೂ ಸೇರ್ಸಿ ಹೇಳ್ದ್ರು, ಅವ್ರಿಗೆ ಜಾಗ ದೊಡ್ಡದು ಸಿಕ್ತು. ಸರ್ವೆಯವ್ರಿಗೆ ಜನ ಕಮ್ಮಿ ಹೇಳೂಕೇ ಆಗ್ದು ಅಂತ ನಾವೆಲ್ಲ ಅಂದೇ ಕಲ್ತದ್ದು."

ನಗು ಬಂತು, ತಡೆದುಕೊಂಡೆ. ಅಲ್ಲಿಯ ಕೆಲಸಗಾರರಲ್ಲಿ ಹೆಚ್ಚಿನವರು ಅದೇ ಕಾಲನಿಯವರು. ಈ ಸರ್ವೆ ಹಾಗಲ್ಲ, ಇಲ್ಲಿ ಜನ ಹೆಚ್ಚಿದಷ್ಟೂ ಅಪಾಯ ಹೆಚ್ಚು, ಅಪಾಯ ಹೆಚ್ಚಿದರೆ ಬೀಗ ಎಂದು ಬಿಡಿಸಿ ಹೇಳಿದೆ. "ಇದೆಂತಾ ತಲೆಕೆಳಗಿನ ಸರ್ವೆಯಪ್ಪ," ಎಂದು ಅವಳು ಸೆರಗು ಕೊಡವಿ ಒಳಗೆ ಹೋದಳು. ನಾನು ಮ್ಯಾನೇಜರರಿಗೆ ದುಂಬಾಲು ಬಿದ್ದು ಇನ್ನೊಮ್ಮೆ ಸರ್ವೆ ಮಾಡಲು ಒಪ್ಪಿಸಿದೆ.

ಎರಡನೆಯ ಸಲ ಸರಿಯಾಗಿ ಊಟದ ಹೊತ್ತಿಗೇ ಹೋದೆ. ಕ್ಯಾಂಟೀನು ಬಿಕೋ ಎನ್ನುತ್ತಿತ್ತು. ಅಕ್ಕ ಹೊಸ್ತಿಲಲ್ಲಿ ಕೂತು, ಏನೂ ಅರಿಯದವಳ ಹಾಗೆ ಬಸಳೆ ಸೋಸುತ್ತಿದ್ದಳು. ಒಳಗಿನಿಂದ ಬಂಗಡೆ ಸಾರಿನ ಘಮ ಮೂಗಿಗೆ ಅಡರುತ್ತಿತ್ತು.

"ಇಲ್ಲಿ ಯಾರು ಉಣ್ತ್ರು ಬಾಯಿ? ನಾವೆಲ್ಲ ಮನೆಯಿಂದ್ಲೇ ಡಬ್ಬಿ ತರೂದು," ಎಂದ ಐಸು ಒಡೆಯುವವ, ಗೋಡೆಯ ಹಿಂದಿನಿಂದ ಪ್ರತ್ಯಕ್ಷನಾಗಿ.

ನನಗೆ ಪಿತ್ತ ನೆತ್ತಿಗೇರಿತು. ಮೊದಲೇ ನನ್ನದು ಮೂಗಿನ ತುದಿಯ ಕೋಪ. "ಮೀಸೆ ಮೇಲೆ ಅನ್ನದ ಅಗುಳಿದೆ, ಮೊದಲು ಅದನ್ನು ಒರೆಸಿಕೊಳ್ಳಿ," ಎಂದೆ. ಗೋಡೆಯ ಹಿಂದೆ ತಟ್ಟೆ ಹಿಡಿದು ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಸಿಟ್ಟು ಹಿಡಿದಿಡಲು ನೋಡಿದೆ, ಆಗಲಿಲ್ಲ, ಕೊನೆಗೆ ನಾನೂ ನಕ್ಕೆ. ನಾಳೆ ಇಡೀ ದಿನ ನಾನೇ ಇಲ್ಲಿ ಕೂತು ನೋಡುತ್ತೇನೆ, ಯಾರೂ ಬಾಯಿ ಬಿಡಕೂಡದು ಎಂದು ಹೇಳಿ ಬಂದೆ.

ಮರುದಿನ ಬೆಳಿಗ್ಗೆಯೇ ಹೋಗಿ ಬೆಂಚಿನ ಮೇಲೆ ತಳವೂರಿದೆ. ಕೆಲಸಗಾರರು ತಂಡತಂಡವಾಗಿ ಬಂದರು, ಉಂಡರು, ಒಬ್ಬರನ್ನೊಬ್ಬರು ಕಿಚಾಯಿಸಿದರು, ಕೈ ತೊಳೆದು ಹೋದರು. ಯಾರೂ ಅರ್ಧ ಗಂಟೆಗಿಂತ ಹೆಚ್ಚು ಕೂರಲಿಲ್ಲ. ಮಕ್ಕಳೂ ಇಲ್ಲ, ಬಾಳಂತಿಯರೂ ಇಲ್ಲ. ಕಂಡದ್ದನ್ನು ಕಂಡ ಹಾಗೆ ತುಂಬುತ್ತ ಹೋದೆ. ಎಲ್ಲರೂ ಹೋದ ಮೇಲೆ ಒಂದು ಪ್ರಶ್ನೆ ಉಳಿಯಿತು.

"ಇಡೀ ದಿನ ಈ ಮಾಡಿನ ಕೆಳಗೇ ಇರುವವರು ಯಾರಕ್ಕ?"

ಅವಳು ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ ಸುತ್ತ ಒಮ್ಮೆ ನೋಡಿದಳು. "ನಾನೊಬ್ಳೇ," ಎಂದಳು.

ಒಂದು ಎಂದು ತುಂಬಿದೆ. ಪರದೆ ಹಳದಿಯಾಯಿತು. ಬೀಗ ತಪ್ಪಿತು. ಅಕ್ಕ ಹಿಗ್ಗಿ, ನಾನು ಬೇಡವೆಂದರೂ ಒಂದು ಹುರಿದ ಬಂಗಡೆ ತಂದು ನನ್ನೆದುರು ಇಟ್ಟಳು. ನಾನು ಪರದೆಯನ್ನೇ ನೋಡುತ್ತ ಕೂತಿದ್ದೆ. ಹಳದಿಯೆಂದರೆ ಬರುವ ವರ್ಷ ಮತ್ತೆ ನೋಡಿದರಾಯಿತು ಎಂದರ್ಥ. ಒಬ್ಬರೇ ಇರುವ ಕೋಣೆ ಆ ಲೆಕ್ಕಕ್ಕೆ ದೊಡ್ಡ ವಿಷಯವೇ ಅಲ್ಲ. ಆದರೆ ವಾರವಾರವೂ ಬಿದಿರು ಹಿಡಿದು, ಕತ್ತು ಎತ್ತಿ, ಆ ಶೀಟಿನ ಧೂಳನ್ನು ಮುಖದ ಮೇಲೇ ಸುರಿದುಕೊಳ್ಳುತ್ತಿದ್ದವಳು ಆ ಒಬ್ಬಳೇ.

"ಅಕ್ಕ, ಇನ್ನು ಮೇಲೆ ಶೀಟು ತಿಕ್ಕಲೇಬೇಡಿ," ಎಂದೆ. ಯಾಕೆಂದು ವಿವರಿಸಿದೆ. ಒಲೆ ಹೊರಗೆ ಹೋಗಬೇಕು, ಆಗ ಮಸಿಯೂ ಹಿಡಿಯುವುದಿಲ್ಲ, ಶೀಟಿಗೆ ದಪ್ಪ ಬಣ್ಣ ಹೊಡೆದರೆ ಎಳೆಗಳು ಅಲ್ಲೇ ಅಂಟಿ ಕೂರುತ್ತವೆ ಎಂದೆ.

ಅಕ್ಕ ಎಲ್ಲ ಕೇಳಿದಳು. "ಒಬ್ಳಿಗೋಸ್ಕರ ಯಾರು ಬಣ್ಣ ಹೊಡೀತ್ರು ತಂಗೀ?" ಎಂದಳು. ದುಃಖದಿಂದಲ್ಲ, ಇವತ್ತು ಪೇಟೆಗೆ ಬಂಗಡೆ ಬಂದಿಲ್ಲ ಎನ್ನುವ ಹಾಗೆ. ಇಷ್ಟು ದಿನ ಕಾರ್ಖಾನೆಯೆಲ್ಲ ಕ್ಯಾಂಟೀನಿಗಾಗಿ ತಲೆ ಕೆಡಿಸಿಕೊಂಡಿತ್ತು. ಅಕ್ಕನ ಎದೆಯ ಬಗ್ಗೆ ಯಾರೂ ಕೇಳಿರಲಿಲ್ಲ, ಅಕ್ಕನೂ ಕೇಳಿಕೊಂಡಿರಲಿಲ್ಲ.

ನೇರ ಮ್ಯಾನೇಜರರ ಕೋಣೆಗೆ ಹೋದೆ. ಅವರು ಆಗಷ್ಟೇ ಊಟ ಮುಗಿಸಿ ಹಲ್ಲಿಗೆ ಕಡ್ಡಿ ಹಾಕುತ್ತಿದ್ದರು. "ಹಳದಿ ಬಂತಲ್ಲ, ಮುಂದಿನ ವರ್ಷ ನೋಡೋಣ. ಇರೋದು ಒಬ್ಬಳು ತಾನೆ?" ಎಂದರು.

"ಹೌದು ಸರ್, ಒಬ್ಬಳೇ. ಆ ಒಬ್ಬಳು ಬಡಿಸಿದ್ದನ್ನೇ ನೀವು ಈಗ ಉಂಡದ್ದು."

ಮಾತು ಆಡಿದ ಮೇಲೆ ಕೆಲಸ ಹೋಯಿತು ಎಂದೇ ತಿಳಿದೆ. ಅವರು ಕಡ್ಡಿಯನ್ನು ಕಿಟಕಿಯಿಂದ ಹೊರಗೆಸೆದರು. "ಬಣ್ಣ, ಒಲೆ, ಏನೇನು ಬೇಕೋ ಎಲ್ಲ ಬರಿಯಮ್ಮ. ಮಳೆಗೆ ಮುಂಚೆ ಮಾಡಿಸ್ತೀನಿ," ಎಂದರು.

ಮಾಡಿಸಿದರು. ಹಿಂಬದಿಯಲ್ಲಿ ಹೆಂಚಿನ ಇಳಿಮಾಡು ಎದ್ದಿತು, ಒಲೆ ಅಲ್ಲಿಗೆ ಹೋಯಿತು. ಬಣ್ಣ ಹೊಡೆಯುವ ದಿನ ನಾನೂ ಹೋಗಿದ್ದೆ. ಮೂಗು ಬಾಯಿ ಮುಚ್ಚುವ ಮುಖವಾಡ ತೊಟ್ಟವರು ಏಣಿ ಹತ್ತಿ, ಶೀಟನ್ನು ಕೆರೆಯದೆ, ಮೆಲ್ಲಗೆ ಬಿಳಿ ಬಣ್ಣ ಬಳಿಯುತ್ತಿದ್ದರು. ಒಳಗೆ ಬರಬಾರದೆಂದು ಅಕ್ಕನನ್ನು ಅಂಗಳದಲ್ಲೇ ನಿಲ್ಲಿಸಿದ್ದರು. ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದ ಅವಳು ಸ್ವಲ್ಪ ಹೊತ್ತಿನಲ್ಲೇ ಕಿಟಕಿಗೆ ಹೋಗಿ ನಿಂತಳು.

"ಆ ಮೂಲೆ ಬಿಟ್ಟೋಯ್ತು ನೋಡಿ. ಸಮಾ ಹೊಡೀರಿ," ಎಂದಳು. "ಇದು ನನ್ನೊಬ್ಳಿಗೋಸ್ಕರ ಹೊಡೂದು."