ಬಾಳೆಗೆ ಹೋದ ಸಗಣಿ

ಕಡ್ಡಿರಾಂಪುರದ ನಮ್ಮ ಹೊಲದಲ್ಲಿ ವರ್ಷಗಳಿಂದ ಎಮ್ಮೆಗಳ ಮೇವಿಗೆಂದು ಆನೆಹುಲ್ಲು ಬೆಳೆಯುತ್ತಿದ್ದೆವು. ಕೊಯ್ದಷ್ಟೂ ಚಿಗುರುವ ಹುಲ್ಲಿಗೆ ಗೊಬ್ಬರ ಹಾಕುವ ರೂಢಿ ಇರಲಿಲ್ಲ. ಎಮ್ಮೆಗಳ ಸಗಣಿಯೆಲ್ಲ ಬಾಳೆತೋಟಕ್ಕೆ ಹೋಗುತ್ತಿತ್ತು. ಈಚೆಗೆ ಹುಲ್ಲು ಹಳದಿಯಾಗಿ, ಗಿಡ್ಡವಾಗಿ ಬರತೊಡಗಿತು.

"ನೆಲ ಸತ್ತೈತಿ, ಎಮ್ಮಿ ಮಾರೂಣು," ಎಂದ ಅಣ್ಣ. ಅವು ಅತ್ತಿಗೆ ಸಾಕಿದ ಎಮ್ಮೆಗಳು. ಆ ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ.

ನಾನು ಮಣ್ಣನ್ನು ಹೊಸಪೇಟೆಯಲ್ಲಿ ಪರೀಕ್ಷೆಗೆ ಕೊಟ್ಟೆ. ನೆಲ ಸತ್ತಿಲ್ಲ, ಹುಲ್ಲಿನ ಹಳೆಯ ಬೇರುಗಳು ಕೊಳೆತು ಮಣ್ಣು ಮೆತ್ತಗೆ, ಚೆನ್ನಾಗಿಯೇ ಇದೆ; ಸಾರಜನಕ, ಪೊಟ್ಯಾಷ್ ಮಾತ್ರ ಕೊಯ್ಲಿನೊಂದಿಗೆ ಹೋಗಿವೆ, ಗೊಬ್ಬರ ಕೊಟ್ಟರೆ ಸರಿಹೋಗುತ್ತದೆ ಎಂದರು ಅಲ್ಲಿಯವರು. ಮನೆಗೆ ಬಂದು ಹೇಳಿದಾಗ ಅತ್ತಿಗೆಯ ಮುಖ ಅರಳಿತು.

"ಎಮ್ಮಿ ಇಲ್ಲಿ ತಿಂದು ನಿಮ್ಮ ಬಾಳಿ ತೋಟಕ್ಕ ಸಗಣಿ ಹಾಕಿದ್ರ, ಹುಲ್ಲಿಗೇನ್ ಉಳೀತದರಿ?" ಎಂದು ಅಣ್ಣನನ್ನು ಕೇಳಿದರು.

"ಆತು ಬಿಡು, ನಾಳಿ ಗೊಬ್ಬರ ಹುಲ್ಲಿಗೇ ಹಾಕೂಣು," ಎಂದ ಅಣ್ಣ.